ವ್ಯಾಟ್ ಕೇಳುವ ಮೊದಲು ಆಂಪಿಯರ್ ಕೇಳಿ

ತಂಬಾಕು ಹರಾಜಿನ ದುಡ್ಡು ಖಾತೆಗೆ ಬಿದ್ದ ಮೇಲೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಾರ್ ಅಕ್ಸೆಸರೀಸ್ ಅಂಗಡಿಗಳ ಮುಂದೆ ವಾಹನಗಳು ಸಾಲುಗಟ್ಟುತ್ತವೆ. ಭತ್ತ ಮಾರಿದ ಮೇಲೆ ಕೆ.ಆರ್. ನಗರದಲ್ಲೂ, ಹತ್ತಿ ಮಾರಿದ ಮೇಲೆ ಎಚ್.ಡಿ. ಕೋಟೆಯಲ್ಲೂ ಇದೇ ದೃಶ್ಯ. ಹಳೆಯ ಕಾರು, ಗೂಡ್ಸ್ ಆಟೊ, ಪಿಕಪ್, ಟ್ರ್ಯಾಕ್ಟರ್ ಯಾವುದಾದರೂ ಸರಿ, ಅದಕ್ಕೊಂದು ದೊಡ್ಡ ಆಂಪ್ಲಿಫೈಯರ್, ಎರಡು ವೂಫರ್ ಬೇಕು. ನಮ್ಮೂರ ಬಾಯಲ್ಲಿ ಅದು ‘ಬೂಫರ್’. ‘ಎಷ್ಟು ವ್ಯಾಟ್ ಹಾಕಿಸಿದೆ ಮಗಾ?’ ಎಂಬ ಪ್ರಶ್ನೆಗೆ ‘ಮೂರು ಸಾವಿರ’ ಎಂದರೆ ಕೇಳಿದವನು ಹುಬ್ಬೇರಿಸಬೇಕು. ಅಲ್ಲಿಗೆ ಮಾತು ಮುಗಿಯಿತು.

ಆ ಮೂರು ಸಾವಿರ ವ್ಯಾಟ್‌ಗೆ ಬೇಕಾದ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮಾರುವವರು ಹೇಳುವುದಿಲ್ಲ, ಕೊಳ್ಳುವವರು ವಿಚಾರಿಸುವುದಿಲ್ಲ. ಬಿ.ಇ. ಓದುತ್ತಿರುವ ನಾವು ಓಮ್‌ನ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಬಂದು, ಊರಿನ ಗೆಳೆಯ ಕೇಳಿದಾಗ ‘ಅಂಗಡಿಯವರಿಗೆ ಗೊತ್ತಿರುತ್ತೆ ಬಿಡು’ ಎಂದು ಜಾರಿಕೊಳ್ಳುತ್ತೇವೆ. ಸದ್ದು ಎಷ್ಟಿರಬೇಕು ಎಂಬ ಚರ್ಚೆ ಪ್ರತಿ ಗಣೇಶನ ಹಬ್ಬದಲ್ಲೂ ನಡೆಯುತ್ತದೆ. ಆ ಸದ್ದಿನ ಹಿಂದಿರುವ ವೈರಿನ ಬಗ್ಗೆಯೂ ಒಮ್ಮೆ ಮಾತಾಡಬೇಕು ಎಂಬುದು ನನ್ನ ವಾದ. ಏಕೆಂದರೆ ಸದ್ದಿನಿಂದ ಕಿವಿ ಹೋಗುತ್ತದೆ, ವೈರಿನಿಂದ ಜೀವ ಹೋಗುತ್ತದೆ.

ಪಂಪ್‌ಸೆಟ್ ಲೆಕ್ಕ ಗೊತ್ತು, ಕಾರಿನ ಲೆಕ್ಕ ಗೊತ್ತಿಲ್ಲ

ನಮ್ಮ ಕಡೆಯ ರೈತರಿಗೆ ವಿದ್ಯುತ್ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಕಂಬದಿಂದ ಬೋರ್‌ವೆಲ್ ದೂರವಿದ್ದರೆ ಕೇಬಲ್ ದಪ್ಪ ಇರಬೇಕು, ವೋಲ್ಟೇಜ್ ಕಡಿಮೆಯಾದರೆ ಮೋಟಾರ್ ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ, ಒಂದೇ ಟಿ.ಸಿ.ಗೆ ಅಕ್ರಮವಾಗಿ ಹತ್ತು ಮೋಟಾರ್ ಸೇರಿಸಿದರೆ ಟಿ.ಸಿ.ಯೇ ಹಾರಿಹೋಗುತ್ತದೆ. ಇದೆಲ್ಲ ನಮ್ಮ ಅಪ್ಪಂದಿರಿಗೆ ಅನುಭವದಿಂದ ಗೊತ್ತು. ಆದರೆ ಅದೇ ಅಪ್ಪನ ಮಗ ಕಾರಿಗೆ ಆಂಪ್ಲಿಫೈಯರ್ ಹಾಕಿಸುವಾಗ ಈ ಮೂರೂ ಮಾತನ್ನು ಮರೆಯುತ್ತಾನೆ. ‘ಬರೀ 12 ವೋಲ್ಟ್ ತಾನೇ, ಏನಾಗುತ್ತೆ?’ ಎಂಬುದು ಅವನ ಧೈರ್ಯ.

ಆ 12 ವೋಲ್ಟ್‌ನಲ್ಲೇ ಕಷ್ಟ ಇರುವುದು. 5 ಎಚ್‌.ಪಿ.ಯ ತ್ರೀ ಫೇಸ್ ಪಂಪ್‌ಸೆಟ್ ಎಂದರೆ ಸುಮಾರು 3,700 ವ್ಯಾಟ್ ಕೆಲಸ. ಅದು 415 ವೋಲ್ಟ್‌ನಲ್ಲಿ ಓಡುವುದರಿಂದ ಪ್ರತಿ ಫೇಸ್‌ನಲ್ಲಿ ಎಳೆಯುವುದು ಸುಮಾರು 8 ಆಂಪಿಯರ್ ಮಾತ್ರ. ಈಗ ನಿಜಕ್ಕೂ 1,000 ವ್ಯಾಟ್ ಕೊಡುವ ಒಂದು ಕಾರ್ ಆಂಪ್ಲಿಫೈಯರ್ ತೆಗೆದುಕೊಳ್ಳಿ. ಅದು ಒಳ್ಳೆಯ ‘ಕ್ಲಾಸ್ ಡಿ’ ಮಾದರಿಯದ್ದು, ನೂರಕ್ಕೆ 80ರಷ್ಟು ದಕ್ಷತೆ ಇದೆ ಎಂದುಕೊಳ್ಳೋಣ. 1,000 ವ್ಯಾಟ್ ಹೊರಗೆ ಬರಬೇಕಾದರೆ 1,250 ವ್ಯಾಟ್ ಒಳಗೆ ಹೋಗಬೇಕು. ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಭಾಗಿಸಿದರೆ 90 ಆಂಪಿಯರ್! ಹಳೆಯ ‘ಕ್ಲಾಸ್ ಎಬಿ’ ಮಾದರಿಯಾದರೆ 120 ಆಂಪಿಯರ್ ಸಮೀಪ. ಅಂದರೆ ತೋಟಕ್ಕೆ ನೀರೆತ್ತುವ ಮೋಟಾರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕರೆಂಟ್ ಕಾರಿನ ಡಿಕ್ಕಿಯಲ್ಲಿ ಹರಿಯುತ್ತದೆ.

ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಶಕ್ತಿಗೆ ಹೆಚ್ಚು ಆಂಪಿಯರ್ ಬೇಕು, ಹೆಚ್ಚು ಆಂಪಿಯರ್ ಹರಿದಷ್ಟೂ ವೈರಿನಲ್ಲಿ ನಷ್ಟ ಹೆಚ್ಚು. ಇದು ನಮ್ಮ ರಾಜ್ಯ ನೂರಿಪ್ಪತ್ತು ವರ್ಷಗಳ ಹಿಂದೆಯೇ ಕಲಿತ ಪಾಠ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದಾಗ ವೋಲ್ಟೇಜನ್ನು ಸುಮಾರು 30 ಸಾವಿರಕ್ಕೆ ಏರಿಸಿದ್ದು ಇದೇ ಕಾರಣಕ್ಕೆ. ಕಾರು ತಯಾರಕರೂ 1950ರ ದಶಕದಲ್ಲಿ 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬಂದರು. ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಬಳಸುತ್ತಾರೆ. ನಮ್ಮ ಕಾರು ಮಾತ್ರ ಇನ್ನೂ 12ರಲ್ಲಿದೆ, ನಮ್ಮ ಆಸೆ ಮೂರು ಸಾವಿರದಲ್ಲಿದೆ.

ಡೈನಮೋ ಎಂಬ ಟಿ.ಸಿ.

ಕಾರಿನಲ್ಲಿ ಕರೆಂಟ್ ಹುಟ್ಟುವ ಜಾಗ ಆಲ್ಟರ್ನೇಟರ್. ನಮ್ಮ ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ. ಬ್ಯಾಟರಿ ಬರೀ ತೊಟ್ಟಿ. ಡೈನಮೋ ತುಂಬಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರಿಗೆ ಟಿ.ಸಿ. ಹೇಗೋ ಕಾರಿಗೆ ಡೈನಮೋ ಹಾಗೆ.

ಚಿಕ್ಕ ಕಾರುಗಳ ಡೈನಮೋ ಸಾಮಾನ್ಯವಾಗಿ 60ರಿಂದ 90 ಆಂಪಿಯರ್ ಸಾಮರ್ಥ್ಯದ್ದು. 75 ಎಂದೇ ಇಟ್ಟುಕೊಳ್ಳಿ. ಈ ಅಂಕಿ ಎಂಜಿನ್ ಜೋರಾಗಿ ಓಡುವಾಗಿನದು. ಕಾರು ನಿಂತಲ್ಲೇ ಐಡಲ್‌ನಲ್ಲಿ ಓಡುತ್ತಿದ್ದರೆ ಅರ್ಧ ಸಿಕ್ಕರೆ ಹೆಚ್ಚು. ಅದರಲ್ಲೂ ಹೆಡ್‌ಲೈಟ್‌ಗೆ ಸುಮಾರು 10 ಆಂಪಿಯರ್, ಎ.ಸಿ. ಫ್ಯಾನು, ಬ್ಲೋವರ್‌ಗೆ 15ರಿಂದ 20, ಪೆಟ್ರೋಲ್ ಪಂಪ್, ಎಂಜಿನ್ ಕಂಪ್ಯೂಟರ್ ಮುಂತಾದವಕ್ಕೆ ಇನ್ನೊಂದು 10 ಹೋಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಓಡುವಾಗ 30 ಆಂಪಿಯರ್ ಆಸುಪಾಸು ಉಳಿಯಬಹುದು. ಊರ ಸರ್ಕಲ್ಲಿನಲ್ಲಿ ರಾತ್ರಿ ನಿಂತಾಗ ಉಳಿಯುವುದು ಬಹುತೇಕ ಸೊನ್ನೆ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಹಾಡು ಎಂದರೆ ಸದಾ ಪೂರ್ಣ ಶಕ್ತಿಯಲ್ಲ. ಡ್ರಮ್ ಬಡಿತದ ಕ್ಷಣಕ್ಕೆ 90 ಆಂಪಿಯರ್ ಎಳೆದರೂ ನಡುವೆ ವಿರಾಮ ಇರುತ್ತದೆ. ಬೇಸ್ ತುಂಬಿದ ಡಿಜೆ ಹಾಡಿನಲ್ಲೂ ಸರಾಸರಿ ಪೂರ್ಣ ಶಕ್ತಿಯ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಆ ಲೆಕ್ಕದಲ್ಲಿ 1,000 ವ್ಯಾಟ್ ಆಂಪ್ಲಿಫೈಯರ್ ಸರಾಸರಿ 30 ಆಂಪಿಯರ್ ಚಿಲ್ಲರೆ ಬೇಡುತ್ತದೆ. ಹೆದ್ದಾರಿಯಲ್ಲಿ ಇದು ಹೇಗೋ ಸರಿದೂಗಬಹುದು, ನಿಂತಾಗ ಮಾತ್ರ ಪೂರಾ ಬ್ಯಾಟರಿಯಿಂದಲೇ ಹೋಗುತ್ತದೆ.

ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್‌ನದು. ‘35 ಆಂಪಿಯರ್ ಎಳೆದರೆ ಒಂದು ಗಂಟೆ ಬರುತ್ತೆ’ ಎಂದು ಅನೇಕರು ಲೆಕ್ಕ ಹಾಕುತ್ತಾರೆ. ಆ ಅಂಕಿ ಇರುವುದು 20 ಗಂಟೆ ಕಾಲ ನಿಧಾನವಾಗಿ ಎಳೆದಾಗ ಸಿಗುವ ಲೆಕ್ಕ. ಜೋರಾಗಿ ಎಳೆದರೆ ಸೀಸದ ಬ್ಯಾಟರಿ ಅಷ್ಟು ಕೊಡುವುದಿಲ್ಲ. ಎಂಜಿನ್ ಆಫ್ ಮಾಡಿ ಹೀಗೆ ಹಾಡು ಹಾಕಿದರೆ ಅರ್ಧ ಗಂಟೆಗೂ ಮೊದಲೇ ಸ್ಟಾರ್ಟರ್ ತಿರುಗಿಸುವ ಶಕ್ತಿ ಹೋಗಬಹುದು. ಕಬಿನಿ ಹಿನ್ನೀರಿನ ಬಳಿ ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು, ಎಂಜಿನ್ ಆಫ್ ಮಾಡಿ ಹಾಡು ಕೇಳುವ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಬೇಕು. ಅದು ಆನೆ ಓಡಾಡುವ ಸೀಮೆ. ಕೋಟೆಯಿಂದ ಬಾವಲಿ ಕಡೆ ಹೋಗುವ ಕಾಡಿನ ರಸ್ತೆಗೆ ರಾತ್ರಿ ಸಂಚಾರ ನಿಷೇಧವೂ ಇದೆ. ಮುಸ್ಸಂಜೆಯಲ್ಲಿ ಕಾರು ತಳ್ಳಲು ಅಲ್ಲಿ ಜನ ಸಿಗುವುದಿಲ್ಲ.

ಕಾರ್ಪೆಟ್ ಕೆಳಗಿನ ಬೆಂಕಿ

ಇನ್ನು ವೈರ್. ಎಂಜಿನ್ ಬಳಿಯ ಬ್ಯಾಟರಿಯಿಂದ ಡಿಕ್ಕಿಗೆ ಸುಮಾರು 5 ಮೀಟರ್ ವೈರ್ ಬೇಕು. ಮನೆಯಲ್ಲಿ ಗೀಸರ್‌ಗೆ ಹಾಕುವ 4 ಸ್ಕ್ವೇರ್‌ನ ತಾಮ್ರದ ವೈರನ್ನೇ ಇಲ್ಲೂ ಎಳೆದರು ಎಂದುಕೊಳ್ಳಿ. 90 ಆಂಪಿಯರ್ ಹರಿಯುವಾಗ ಆ 5 ಮೀಟರ್‌ನಲ್ಲೇ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. 13.8ರಲ್ಲಿ 2 ಹೋದರೆ ಆಂಪ್ಲಿಫೈಯರ್‌ಗೆ ತಲುಪುವುದು 12ಕ್ಕಿಂತ ಕಡಿಮೆ. ಕಳೆದ ಆ 2 ವೋಲ್ಟ್ ಎಲ್ಲಿ ಹೋಯಿತು? ಶಾಖವಾಯಿತು. ಲೆಕ್ಕ ಹಾಕಿದರೆ 170 ವ್ಯಾಟ್‌ಗೂ ಹೆಚ್ಚು. ಪೂರ್ಣ ಶಕ್ತಿ ಎಳೆಯುವ ಹೊತ್ತಿನಲ್ಲಿ 25 ವ್ಯಾಟ್‌ನ ಏಳು ಸೋಲ್ಡರಿಂಗ್ ಐರನ್‌ಗಳನ್ನು ಕಾರಿನ ಕಾರ್ಪೆಟ್ ಕೆಳಗೆ ಮಲಗಿಸಿದಂತೆ. ಅದೇ ಜಾಗಕ್ಕೆ 25 ಸ್ಕ್ವೇರ್‌ನ ವೈರ್ ಹಾಕಿದರೆ ನಷ್ಟ 0.3 ವೋಲ್ಟ್‌ಗೆ ಇಳಿಯುತ್ತದೆ. 35 ಸ್ಕ್ವೇರ್ ಆದರೆ ಇನ್ನೂ ಒಳ್ಳೆಯದು.

ಮಾರುಕಟ್ಟೆಯಲ್ಲಿ ಇನ್ನೊಂದು ಮೋಸ ಇದೆ. ನೋಡಲು ಹೆಬ್ಬೆರಳು ದಪ್ಪ, ಬೆಲೆ ಅರ್ಧ. ಒಳಗಿರುವುದು ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ಅದರ ವಾಹಕತೆ ಶುದ್ಧ ತಾಮ್ರದ ಮೂರನೇ ಎರಡು ಭಾಗದಷ್ಟೂ ಇರುವುದಿಲ್ಲ. ಕೆಲವು ವೈರ್‌ಗಳಲ್ಲಿ ದಪ್ಪ ಇರುವುದು ಮೇಲಿನ ರಬ್ಬರ್ ಹೊದಿಕೆ ಮಾತ್ರ. ತುದಿ ಸುಲಿದು, ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ.

ವೈರಿಗಿಂತ ದೊಡ್ಡ ವಿಷಯ ಫ್ಯೂಸ್. ಆಂಪ್ಲಿಫೈಯರ್ ಮೈಮೇಲೇ ಫ್ಯೂಸ್ ಇದೆ, ಇನ್ನೊಂದು ಏಕೆ ಎಂದು ಅಂಗಡಿಗಳಲ್ಲೇ ಕೇಳುತ್ತಾರೆ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿ ಪಕ್ಕದ ಫ್ಯೂಸ್ ಕಾಯುವುದು ವೈರನ್ನು, ಅಂದರೆ ನಮ್ಮನ್ನು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ವೈರ್ ಹಾಯುತ್ತದೆ. ರಬ್ಬರ್ ಬುಷ್ ಹಾಕದಿದ್ದರೆ ನಮ್ಮ ಹಳ್ಳಿ ರಸ್ತೆಯ ಕುಲುಕಾಟಕ್ಕೆ ಆರು ತಿಂಗಳಲ್ಲಿ ಹೊದಿಕೆ ಸವೆದು ತಾಮ್ರ ತಗಡಿಗೆ ತಾಗಬಹುದು. ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಆಗ ಅದೆಲ್ಲವನ್ನೂ ಆ ಒಂದು ಬಿಂದುವಿಗೆ ಸುರಿಯುತ್ತದೆ. ಡಿಕ್ಕಿಯಲ್ಲಿರುವ ಫ್ಯೂಸ್ ಅದನ್ನು ತಡೆಯಲಾರದು, ಏಕೆಂದರೆ ಕರೆಂಟ್ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅದಕ್ಕೇ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು, ಅದರ ಅಂಕಿ ಆ ವೈರ್ ತಾಳುವಷ್ಟಕ್ಕಿಂತ ಹೆಚ್ಚಿರಬಾರದು.

ನಮ್ಮ ಬಂಧುವೊಬ್ಬರ ಪಿಕಪ್‌ನಲ್ಲಿ ಆದದ್ದು ಇದೇ. ಸುಟ್ಟ ವಾಸನೆ ಬಂತೆಂದು ನಿಲ್ಲಿಸಿ ಮ್ಯಾಟ್ ಎತ್ತಿದರೆ ವೈರಿನ ಹೊದಿಕೆ ಕರಗಿ ಅಂಟಿಕೊಂಡಿತ್ತು. ಬ್ಯಾಟರಿ ಬಳಿ ಫ್ಯೂಸ್ ಇರಲಿಲ್ಲ. ಹಗಲಾಗಿತ್ತು, ಗಾಡಿ ಖಾಲಿಯಿತ್ತು, ಕೈಯಲ್ಲಿ ಸ್ಪ್ಯಾನರ್ ಇತ್ತು. ಟರ್ಮಿನಲ್ ಬಿಚ್ಚಿ ಪಾರಾದರು. ಹಿಂದೆ ತಂಬಾಕು ಬೇಲ್ ತುಂಬಿದ್ದರೆ? ಒಂದು ವರ್ಷದ ದುಡಿಮೆಯೇ ಬೂದಿಯಾಗುತ್ತಿತ್ತು. ಉಳಿಸಿದ್ದು ಒಂದು ಫ್ಯೂಸಿನ ಮತ್ತು ಐದು ಮೀಟರ್ ಒಳ್ಳೆಯ ವೈರಿನ ದುಡ್ಡು.

ನೆಗೆಟಿವ್ ಕಡೆಯನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೋದ ಕರೆಂಟ್ ಅಷ್ಟೂ ಬಾಡಿಯ ಮೂಲಕ ವಾಪಸ್ ಬರಬೇಕು. ಅರ್ತ್ ವೈರನ್ನು ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಬಿಗಿದರೆ ಅಲ್ಲೇ ತಡೆಯುತ್ತದೆ, ಕಾಯುತ್ತದೆ. ಬಣ್ಣ ಕೆರೆದು, ಬರಿ ಲೋಹಕ್ಕೆ ಲಗ್ ಹಾಕಿ, ಬೋಲ್ಟ್‌ನಲ್ಲಿ ಬಿಗಿಯಬೇಕು. ಪಾಸಿಟಿವ್‌ಗೆ ಎಷ್ಟು ದಪ್ಪವೋ ನೆಗೆಟಿವ್‌ಗೂ ಅಷ್ಟೇ.

ಕೆಪಾಸಿಟರ್ ಎಂಬ ಸಮಾಧಾನ

ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾದರೆ ಅದು ವ್ಯವಸ್ಥೆ ಸಾಲುತ್ತಿಲ್ಲ ಎಂಬ ಮೊದಲ ಸೂಚನೆ. ಅಂಗಡಿಯಲ್ಲಿ ಸಿಗುವ ಪರಿಹಾರ ಬಣ್ಣದ ದೀಪ ಮಿನುಗುವ ‘ಒಂದು ಫ್ಯಾರಡ್’ ಕೆಪಾಸಿಟರ್. ಅದರಲ್ಲಿ ಎಷ್ಟು ಶಕ್ತಿ ಇದೆ? ಪಿಯುಸಿಯಲ್ಲಿ ಕಲಿತ ಸೂತ್ರ ಸಾಕು. 14 ವೋಲ್ಟ್‌ಗೆ ತುಂಬಿದರೆ 98 ಜೂಲ್. 14ರಿಂದ 12 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಅದು ಕೊಡುವುದು 26 ಜೂಲ್. 1,250 ವ್ಯಾಟ್ ನುಂಗುವ ಆಂಪ್ಲಿಫೈಯರ್‌ಗೆ ಅದು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಸಾಕಾಗುತ್ತದೆ. 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು ಸುಮಾರು 15 ಲಕ್ಷ ಜೂಲ್. ಕೆಪಾಸಿಟರ್ ತಪ್ಪು ವಸ್ತುವಲ್ಲ. ಕ್ಷಣಿಕ ಏರಿಳಿತವನ್ನು ಅದು ಸ್ವಲ್ಪ ಸಮ ಮಾಡುತ್ತದೆ. ಆದರೆ ಅದು ಕರೆಂಟ್ ಹುಟ್ಟಿಸುವುದಿಲ್ಲ. ಕೆರೆಗೆ ನೀರೇ ಬಾರದಿರುವಾಗ ತೂಬಿಗೆ ಬಣ್ಣ ಬಳಿದ ಹಾಗೆ.

ಎರಡನೇ ಬ್ಯಾಟರಿಯೂ ಹಾಗೆಯೇ. ನಿಂತಾಗ ಹೆಚ್ಚು ಹೊತ್ತು ಹಾಡು ಬರುತ್ತದೆ ನಿಜ, ಆಮೇಲೆ ಅದನ್ನು ತುಂಬಿಸಬೇಕಾದುದು ಅದೇ ಡೈನಮೋ. ತೊಟ್ಟಿ ದೊಡ್ಡದಾದ ಮಾತ್ರಕ್ಕೆ ಬೋರ್‌ವೆಲ್‌ನಲ್ಲಿ ನೀರು ಹೆಚ್ಚುವುದಿಲ್ಲ. ನಿಜವಾದ ಪರಿಹಾರದ ಕ್ರಮ ಬೇರೆ. ಮೊದಲು ಇರುವ ವೈರ್, ಅರ್ತ್ ಸರಿಮಾಡುವುದು, ಡೈನಮೋದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ ಇರುವ ಮೂರು ಕೇಬಲ್‌ಗಳನ್ನು ದಪ್ಪ ಮಾಡುವುದು. ಆಮೇಲೂ ಸಾಲದಿದ್ದರೆ ಹೆಚ್ಚು ಸಾಮರ್ಥ್ಯದ ಡೈನಮೋ. ಅದೂ ಆಗದಿದ್ದರೆ ಆಸೆಯನ್ನೇ ಇಳಿಸುವುದು. ಹಳೆಯ ಎಲೆಕ್ಟ್ರಿಕ್ ಸ್ಕೂಟರ್‌ಗಳಿಂದ ಕಿತ್ತ ಲಿಥಿಯಂ ಸೆಲ್‌ಗಳನ್ನು ತಾವೇ ಜೋಡಿಸಿ ಡಿಕ್ಕಿಯಲ್ಲಿಡುವ ಸಾಹಸ ಮಾತ್ರ ಬೇಡವೇ ಬೇಡ.

ಪೆಟ್ಟಿಗೆ ಮೇಲಿನ ಮೂರು ಸಾವಿರ

ಇಷ್ಟಕ್ಕೂ ಆ ಮೂರು ಸಾವಿರ ವ್ಯಾಟ್ ನಿಜವೇ? ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆಯುವುದು ‘ಪೀಕ್’ ಅಥವಾ ‘ಮ್ಯಾಕ್ಸ್’ ಅಂಕಿ. ನಿರಂತರವಾಗಿ ಕೊಡಬಲ್ಲ ‘ಆರ್‌ಎಂಎಸ್’ ಅಂಕಿಯನ್ನು ಒಳಗಿನ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಇದನ್ನು ಸರಿಪಡಿಸಲೆಂದೇ ಅಮೆರಿಕದ ಉದ್ಯಮದವರು ಸಿಇಎ-2006 ಎಂಬ ಮಾನದಂಡ ತಂದರು. 14.4 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ ಹೊರೆಯಲ್ಲಿ, ಶೇ 1ಕ್ಕಿಂತ ಹೆಚ್ಚು ವಿಕಾರವಿಲ್ಲದೆ ಎಷ್ಟು ವ್ಯಾಟ್ ಬರುತ್ತದೋ ಅಷ್ಟನ್ನೇ ಹೇಳಬೇಕು ಎಂಬುದು ಅದರ ಸಾರ. ಆ ಗುರುತು ಇದೆಯೇ ಎಂದು ನೋಡಿ ಕೊಳ್ಳುವುದು ಜಾಣತನ.

ಗುರುತಿಲ್ಲದಿದ್ದರೂ ಒಂದು ಸುಲಭ ಉಪಾಯ ಇದೆ. ಆಂಪ್ಲಿಫೈಯರ್ ಮೈಮೇಲಿನ ಫ್ಯೂಸ್ ನೋಡಿ. ಒಂದೇ ಒಂದು 30 ಆಂಪಿಯರ್ ಫ್ಯೂಸ್ ಇದ್ದರೆ, 30ನ್ನು 13.8ರಿಂದ ಗುಣಿಸಿ. ಬರುವುದು 414 ವ್ಯಾಟ್. ಅದರಲ್ಲಿ ದಕ್ಷತೆಯ ನಷ್ಟ ಕಳೆದರೆ 250ರಿಂದ 330 ವ್ಯಾಟ್. ಪೆಟ್ಟಿಗೆಯಲ್ಲಿ 3,000 ಎಂದಿದ್ದರೂ ಅದರ ಯೋಗ್ಯತೆ ಅಷ್ಟೇ. ಒಂದು ರೀತಿಯಲ್ಲಿ ಈ ಸುಳ್ಳೇ ನಮ್ಮ ಎಷ್ಟೋ ಕಾರುಗಳನ್ನು ಇಂದಿಗೂ ಕಾಪಾಡಿದೆ. ಹೇಳಿದಷ್ಟು ವ್ಯಾಟ್ ನಿಜವಾಗಿದ್ದಿದ್ದರೆ ಆ ಸಣ್ಣ ವೈರ್‌ಗಳು ಎಂದೋ ಉರಿಯುತ್ತಿದ್ದವು. ಈಗ ಕಡಿಮೆ ಬೆಲೆಗೆ ನಿಜವಾದ ಶಕ್ತಿಯ ಆಂಪ್ಲಿಫೈಯರ್‌ಗಳೂ ಬರುತ್ತಿವೆ. ವೈರ್ ಹಾಕುವ ಅಭ್ಯಾಸ ಮಾತ್ರ ಹಳೆಯದೇ. ಆತಂಕ ಇರುವುದು ಅಲ್ಲಿ.

ವ್ಯಾಟ್ ಹೆಚ್ಚಿಸಿದಷ್ಟೂ ಸದ್ದು ಹೆಚ್ಚುತ್ತದೆ ಎಂಬುದೂ ಪೂರ್ತಿ ಸತ್ಯವಲ್ಲ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್, ಕಿವಿಗೆ ಅದು ಚೂರು ವ್ಯತ್ಯಾಸ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 100 ವ್ಯಾಟ್‌ನ ಎರಡರಷ್ಟು ಕೇಳಿಸಲು 1,000 ವ್ಯಾಟ್! ಬದಲಿಗೆ 84 ಡೆಸಿಬಲ್ ಸೂಕ್ಷ್ಮತೆಯ ಸ್ಪೀಕರ್ ಬಿಟ್ಟು 90 ಡೆಸಿಬಲ್‌ನದನ್ನು ಆರಿಸಿಕೊಂಡರೆ ಆಂಪ್ಲಿಫೈಯರನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಷ್ಟೇ ಲಾಭ, ಒಂದು ಆಂಪಿಯರ್ ಕೂಡ ಹೆಚ್ಚು ಬೇಡದೆ. ಈ ಅಂಕಿ ಸ್ಪೀಕರ್ ಪೆಟ್ಟಿಗೆ ಮೇಲೇ ಇರುತ್ತದೆ. ಯಾರೂ ಓದುವುದಿಲ್ಲ.

ಮೆರವಣಿಗೆಯ ಟ್ರ್ಯಾಕ್ಟರ್

ಕಾರಿನ ಕಥೆ ಇಷ್ಟಾದರೆ ಮೆರವಣಿಗೆಯದ್ದು ಇನ್ನೂ ದೊಡ್ಡದು. ಗಣೇಶನ ವಿಸರ್ಜನೆ ಇರಲಿ, ಚುಂಚನಕಟ್ಟೆ, ಬೆಟ್ಟದಪುರದ ಜಾತ್ರೆಗೆ ಹೊರಟ ಗುಂಪಿರಲಿ, ಮದುವೆ ದಿಬ್ಬಣ ಇರಲಿ, ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಗೋಡೆ ಕಟ್ಟುವುದು ಈಗ ವಾಡಿಕೆ. ಅನೇಕ ಟ್ರ್ಯಾಕ್ಟರ್‌ಗಳ ಡೈನಮೋ 36 ಅಥವಾ 42 ಆಂಪಿಯರ್‌ನದು. ಪೂರ್ತಿ ಓಡಿದರೂ 500ರಿಂದ 600 ವ್ಯಾಟ್. ಮೆರವಣಿಗೆ ಎಂದರೆ ಗಂಟೆಗಟ್ಟಲೆ ಆಮೆ ನಡಿಗೆ, ಎಂಜಿನ್ ಐಡಲ್. ಅಂದರೆ ಅತಿ ಹೆಚ್ಚು ಕರೆಂಟ್ ಬೇಕಾದ ಹೊತ್ತಿನಲ್ಲೇ ಡೈನಮೋ ಅತಿ ಕಡಿಮೆ ಕೊಡುತ್ತದೆ. ಅದಕ್ಕೆ ಕೆಲವರು ಬ್ಯಾಟರಿಗಳ ಸಾಲು ಜೋಡಿಸುತ್ತಾರೆ, ಕೆಲವರು 12 ವೋಲ್ಟ್‌ನಿಂದ ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡುತ್ತಾರೆ, ಇನ್ನು ಕೆಲವರು ಜನರೇಟರ್ ಇಡುತ್ತಾರೆ.

ದೊಡ್ಡ ಸೌಂಡ್ ಬೇಕೇಬೇಕು ಎಂದರೆ ಸರಿಯಾದ ದಾರಿ ಜನರೇಟರ್. ಆದರೆ 230 ವೋಲ್ಟ್ ಬಂದ ಕ್ಷಣ ಅಪಾಯದ ಸ್ವರೂಪವೇ ಬದಲಾಗುತ್ತದೆ. 2022ರ ಜುಲೈ 31ರ ರಾತ್ರಿ ಪಶ್ಚಿಮ ಬಂಗಾಳದ ಕೂಚ್ ಬಿಹಾರ ಜಿಲ್ಲೆಯಲ್ಲಿ ಯಾತ್ರಿಕರನ್ನು ಹೊತ್ತ ಪಿಕಪ್ ವಾಹನದಲ್ಲಿ ವಿದ್ಯುತ್ ಹರಿದು 10 ಜನ ಸತ್ತರು. ಡಿಜೆಗಾಗಿ ವಾಹನದ ಹಿಂಭಾಗದಲ್ಲಿ ಇಟ್ಟಿದ್ದ ಜನರೇಟರ್‌ನ ವೈರಿಂಗ್ ಕಾರಣವಿರಬಹುದು ಎಂದು ಪೊಲೀಸರು ಆಗ ಹೇಳಿದ್ದರು. 2024ರ ಆಗಸ್ಟ್‌ನಲ್ಲಿ ಬಿಹಾರದ ಹಾಜಿಪುರದಲ್ಲಿ ಡಿಜೆ ವಾಹನ ಮೇಲಿನ ಹೈಟೆನ್ಷನ್ ತಂತಿಗೆ ತಾಗಿ ಕನಿಷ್ಠ 8 ಮಂದಿ ಪ್ರಾಣ ಬಿಟ್ಟರು. ಸತ್ತವರು ನಮ್ಮ ಹಾಗೆಯೇ ಹಬ್ಬದ ಉತ್ಸಾಹದಲ್ಲಿದ್ದವರು. ನಮ್ಮ ಹಳ್ಳಿಗಳ ಬೀದಿಯಲ್ಲೂ ತಂತಿಗಳು ಜೋತುಬಿದ್ದಿವೆ. ಟ್ರಾಲಿ ಮೇಲೆ ಹತ್ತಡಿ ಸ್ಪೀಕರ್ ಗೋಡೆ, ಅದರ ಮೇಲೊಬ್ಬ ಹುಡುಗ ಕುಳಿತು ಕೋಲಿನಿಂದ ತಂತಿ ಎತ್ತುವುದನ್ನು ನಾವೆಲ್ಲ ನೋಡಿದ್ದೇವೆ, ಮೊಬೈಲ್‌ನಲ್ಲಿ ವಿಡಿಯೊ ಕೂಡ ಮಾಡಿದ್ದೇವೆ.

‘ವರ್ಷಕ್ಕೊಂದು ಹಬ್ಬ, ಅದಕ್ಕೂ ನಿಮ್ಮ ಲೆಕ್ಕಾಚಾರವಾ?’ ಎಂದು ಗೆಳೆಯರು ಕೇಳುತ್ತಾರೆ. ನಾನು ಹಾಡಿನ ವಿರೋಧಿಯಲ್ಲ. ಬೇಸ್ ಎದೆಗೆ ಬಡಿಯುವ ಖುಷಿ ನನಗೂ ಗೊತ್ತು. ನಮ್ಮ ತಮಟೆ, ನಗಾರಿಗಳದ್ದೂ ಅದೇ ಖುಷಿ ತಾನೇ? ಹಾಗೆಂದು ಅದಕ್ಕೊಂದು ಮಿತಿ ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಕಿವಿಯ ಲೆಕ್ಕವೂ ಇದೆ. 85 ಡೆಸಿಬಲ್ ಸದ್ದನ್ನು 8 ಗಂಟೆ ತಾಳಬಹುದು, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಶಿಫಾರಸು. 100 ಡೆಸಿಬಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಸ್ಪೀಕರ್ ಗೋಡೆಯ ಮುಂದೆ ನಾಲ್ಕು ಗಂಟೆ ಕುಣಿಯುವ ಹುಡುಗರ ಕಿವಿ ಇಪ್ಪತ್ತೈದಕ್ಕೇ ಮುದುಕರ ಕಿವಿಯಾದೀತು.

ಏನು ಮಾಡಬಹುದು?

ನಿಷೇಧ ಮಾಡಿ, ದಂಡ ಹಾಕಿ ಎಂಬುದಷ್ಟೇ ಉತ್ತರ ಎಂದು ನನಗನ್ನಿಸುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರು ಕೈಚಳಕದವರು. ಡ್ಯಾಶ್‌ಬೋರ್ಡ್ ಬಿಚ್ಚಿ ಒಂದು ಕ್ಲಿಪ್ಪೂ ಮುರಿಯದೆ ಜೋಡಿಸುತ್ತಾರೆ. ಬಿ.ಇ. ಓದುವ ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಲಗ್ ಕ್ರಿಂಪ್ ಮಾಡಲು ಬರುವುದಿಲ್ಲ. ಅವರ ಕೈ, ನಮ್ಮ ಲೆಕ್ಕ ಎರಡೂ ಸೇರಬೇಕು. ಆದ್ದರಿಂದ ನನ್ನ ಸಲಹೆಗಳು ಸರಳ.

ಕೊಳ್ಳುವವರು ಮೂರು ಪ್ರಶ್ನೆ ಕೇಳಲಿ: ಆರ್‌ಎಂಎಸ್ ಎಷ್ಟು? ವೈರ್ ಎಷ್ಟು ಸ್ಕ್ವೇರ್, ಶುದ್ಧ ತಾಮ್ರವೇ? ಬ್ಯಾಟರಿ ಪಕ್ಕ ಎಷ್ಟು ಆಂಪಿಯರ್ ಫ್ಯೂಸ್ ಹಾಕುತ್ತೀರಿ? ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. ಚಿಕ್ಕ ಕಾರಿಗೆ ಒಟ್ಟು 400 ವ್ಯಾಟ್ ಆರ್‌ಎಂಎಸ್ ಒಳಗಿದ್ದರೆ ಒಳ್ಳೆಯ ಬ್ಯಾಟರಿ, ಸರಿಯಾದ ವೈರ್ ಇದ್ದರೆ ಸಾಕು, ಬೇರೇನೂ ಬದಲಿಸಬೇಕಿಲ್ಲ. ಕಾರಿನೊಳಗೆ ಅದು ಧಾರಾಳ ಸದ್ದು. ಹೊಸ ಕಾರಾದರೆ ಕಂಪನಿಯ ವೈರಿಂಗ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದು ಎಂಬುದೂ ನೆನಪಿರಲಿ.

ಈಗಾಗಲೇ ಹಾಕಿಸಿರುವವರು ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ತೆಗೆದುಕೊಳ್ಳಲಿ. ಎಂಜಿನ್ ಆಫ್ ಇದ್ದು ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಜೋರು ಬೇಸ್ ಹಾಡು ಹಾಕಿ ಬ್ಯಾಟರಿ ಬಳಿ ಒಮ್ಮೆ, ಆಂಪ್ಲಿಫೈಯರ್ ಬಳಿ ಒಮ್ಮೆ ಅಳೆಯಲಿ. ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ದೋಷ ವೈರ್ ಅಥವಾ ಅರ್ತ್‌ನದು. ಬ್ಯಾಟರಿಯಲ್ಲೇ 13ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಡೈನಮೋ ಸಾಲುತ್ತಿಲ್ಲ. ಹತ್ತು ನಿಮಿಷದ ಕೆಲಸ, ರೋಗ ಯಾವುದು ಎಂದು ಗೊತ್ತಾಗುತ್ತದೆ.

ಕಾಲೇಜುಗಳು ಒಂದು ಕೆಲಸ ಮಾಡಬಹುದು. ಗಣೇಶನ ಹಬ್ಬಕ್ಕೆ ಒಂದು ವಾರ ಮೊದಲು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಐ.ಟಿ.ಐ., ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕ್ಲ್ಯಾಂಪ್ ಮೀಟರ್ ಹಿಡಿದು ಒಂದು ದಿನದ ಉಚಿತ ತಪಾಸಣೆ ಶಿಬಿರ ನಡೆಸಲಿ. ರಕ್ತದಾನ ಶಿಬಿರದ ಹಾಗೆ ಇದೂ ನಡೆಯಲಿ. ಮೆರವಣಿಗೆಗೆ ಅನುಮತಿ ಕೇಳುವ ಸಮಿತಿಗಳು ಜನರೇಟರ್‌ಗೆ ಅರ್ತ್ ರಾಡ್, ಸೋರಿಕೆ ಆದರೆ ಕರೆಂಟ್ ಕಡಿಯುವ ಬ್ರೇಕರ್, ಸ್ಪೀಕರ್ ಗೋಡೆಯ ಎತ್ತರ, ಸಾಗುವ ದಾರಿಯ ತಂತಿಗಳು, ಇವುಗಳನ್ನು ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ ಸಹಿ ಹಾಕಿಸಲಿ. ಪ್ರಸಾದಕ್ಕೆ ಅಡುಗೆಯವರನ್ನು ಹುಡುಕುವ ಸಮಿತಿಗೆ ಒಬ್ಬ ಎಲೆಕ್ಟ್ರಿಷಿಯನ್ ಸಿಗದೇ ಇರಲಾರ.

ಮನೆ ಕಟ್ಟುವಾಗ ಮೊದಲು ಪಾಯ ನೋಡುತ್ತೇವೆ, ಆಮೇಲೆ ಬಣ್ಣ. ಬೋರ್ ಕೊರೆಸುವಾಗ ಮೊದಲು ಟಿ.ಸಿ. ವಿಚಾರಿಸುತ್ತೇವೆ, ಆಮೇಲೆ ಮೋಟಾರ್. ಇದೇ ಬುದ್ಧಿಯನ್ನು ಕಾರಿನ ಡಿಕ್ಕಿಗೂ, ಟ್ರ್ಯಾಕ್ಟರ್ ಟ್ರಾಲಿಗೂ ತಂದರೆ ಸಾಕು. ಮುಂದಿನ ಸಲ ಗೆಳೆಯನೊಬ್ಬ ‘ಮೂರು ಸಾವಿರ ವ್ಯಾಟ್ ಹಾಕಿಸಿದೆ’ ಎಂದಾಗ ಹುಬ್ಬೇರಿಸುವ ಬದಲು ಬಾನೆಟ್ ಎತ್ತಲು ಹೇಳಿ, ಬ್ಯಾಟರಿ ಪಕ್ಕದಲ್ಲಿ ಫ್ಯೂಸ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹಾಡು ನಿಲ್ಲಿಸಿ, ಅದನ್ನು ಮೊದಲು ಹಾಕಿಸಿ.